ವೋಲ್ಟೇಜ್ ಇಲ್ಲ ಅಂದರೆ ಸಾಲದು, ಎಷ್ಟಿಲ್ಲ ಅಂತ ಲೆಕ್ಕ ಕೊಡಿ

ಬೇಸಿಗೆ ಬಂತೆಂದರೆ ದಾವಣಗೆರೆಯ ಅಂಗಡಿ ಸಾಲುಗಳಲ್ಲಿ ಎರಡು ತಕರಾರು ತಪ್ಪುವುದಿಲ್ಲ. ಒಂದು ನೀರಿನದು, ಇನ್ನೊಂದು ಕರೆಂಟಿನದು. ನೀರಿನ ತಕರಾರಿನಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ದೊಡ್ಡವರೇ ಬೇಕು. ಕರೆಂಟಿನ ತಕರಾರಿಗೆ ಯಾವ ಪಂಚಾಯ್ತಿಯೂ ಬೇಡ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಆದರೂ ಈ ಜಗಳ ವರ್ಷಗಟ್ಟಲೆ ನಡೆದುಕೊಂಡು ಬಂದಿದೆ. ಏಕೆಂದರೆ ಎರಡು ಕಡೆಯವರೂ ಮಾತಾಡುತ್ತಾರೆ, ಯಾರೂ ಲೆಕ್ಕ ಹಾಕುವುದಿಲ್ಲ.

ಅಂಗಡಿಯವರ ಮಾತು ಇದು: “ಸಂಜೆ ಏಳಾಯ್ತು ಅಂದ್ರೆ ವೋಲ್ಟೇಜೇ ಇರಲ್ಲ ಸಾರ್. ಫ್ರಿಜ್ಜು ಗುಂಯ್ ಅಂದು ನಿಂತೋಗುತ್ತೆ. ಬಿಲ್ಲು ಮಾತ್ರ ಒಂದು ಪೈಸೆ ಕಮ್ಮಿ ಇಲ್ಲ.” ಕರೆಂಟ್ ಆಫೀಸಿನ ಮಾತು ಇದು: “ನಮ್ಮ ಲೈನು ಸರಿಯಾಗೇ ಇದೆ. ನಿಮ್ಮ ವೈರಿಂಗ್ ಹಳೇದು, ಲೋಡು ಜಾಸ್ತಿ. ಮೊದಲು ಅದನ್ನ ನೋಡಿಸ್ಕೊಳ್ಳಿ.”

ಯಾರ ಮಾತು ನಿಜ? ಎರಡೂ ನಿಜ ಇರಬಹುದು. ಒಂದು ನಿಜ, ಒಂದು ಸುಳ್ಳೂ ಇರಬಹುದು. ಅದನ್ನು ಕಂಡುಹಿಡಿಯುವ ದಾರಿ ಅಂಗಡಿಯ ಮೀಟರ್ ಬೋರ್ಡಿನಲ್ಲೇ ಇದೆ. ಇದು ತಿಳಿದಿರಬೇಕಾದ್ದು ಬರೀ ವೈರ್‌ಮನ್‌ಗೆ ಅಂತ ನಾವೆಲ್ಲ ಕೈಬಿಟ್ಟಿದ್ದೇವೆ. ಆದರೆ ಬಿಲ್ಲು ಕಟ್ಟುವವರು ನಾವು, ಬೆಂಕಿ ಬಿದ್ದರೆ ಸುಟ್ಟುಕೊಳ್ಳುವವರೂ ನಾವು.

ನಾಲೆ ನೀರಿನ ಲೆಕ್ಕ

ಭದ್ರಾ ನಾಲೆ ನೋಡಿದವರಿಗೆ ಕರೆಂಟು ಅರ್ಥವಾಗುವುದು ಕಷ್ಟವಲ್ಲ. ಮೇಲಿನ ನೀರಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸವೇ ನೀರನ್ನು ಓಡಿಸುವುದು. ಕರೆಂಟಿನಲ್ಲಿ ಅದಕ್ಕೆ ವೋಲ್ಟ್ ಎನ್ನುತ್ತಾರೆ. ನಾಲೆಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎನ್ನುವುದಕ್ಕೆ ಕ್ಯುಸೆಕ್ ಇದ್ದಂತೆ, ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎನ್ನುವುದಕ್ಕೆ ಆಂಪಿಯರ್. ನಾಲೆಯ ಹೂಳು, ಜೊಂಡು, ಕಿರಿದಾದ ತೂಬು ನೀರಿಗೆ ಒಡ್ಡುವ ತಡೆಯಂತೆ ತಂತಿಯೂ ಕರೆಂಟಿಗೆ ತಡೆ ಒಡ್ಡುತ್ತದೆ. ಶಾಲೆ ಪುಸ್ತಕದಲ್ಲಿ ಅದಕ್ಕೆ ರೋಧ ಎಂದು ಹೆಸರು, ಅಳತೆ ಓಮ್. ಜರ್ಮನಿಯ ಗಿಯೋರ್ಗ್ ಓಮ್ ಎಂಬ ಮೇಷ್ಟ್ರು 1827ರಲ್ಲಿ ಈ ಮೂರರ ಸಂಬಂಧವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಇಂದಿನವರೆಗೆ ಅದು ಬದಲಾಗಿಲ್ಲ.

ನೆನಪಿಡಬೇಕಾದ್ದು ಇಷ್ಟೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಅಂದರೆ ತಡೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಅಂದರೆ ಕೆಲಸದ ಕಸುವು. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. ಬಿಲ್ಲಿನಲ್ಲಿ ಬರುವ ಯೂನಿಟ್ ಅದೇ.

ಒಂದು ಇಸ್ತ್ರಿ ಅಂಗಡಿ ತೆಗೆದುಕೊಳ್ಳೋಣ. ಪೆಟ್ಟಿಗೆಯ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿರುತ್ತದೆ. 1000ವನ್ನು 230ರಿಂದ ಭಾಗಿಸಿದರೆ 4.35. ಅದು ಎಳೆಯುವ ಆಂಪಿಯರ್. 230ನ್ನು 4.35ರಿಂದ ಭಾಗಿಸಿದರೆ ಸುಮಾರು 53. ಅದು ಒಳಗಿನ ಕಾಯಿಲ್‌ನ ತಡೆ, 53 ಓಮ್. ಈ ತಡೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ವೋಲ್ಟೇಜು.

ಈಗ ಸಂಜೆ 180 ವೋಲ್ಟ್ ಬಂತು ಎನ್ನಿ. 180ನ್ನು 53ರಿಂದ ಭಾಗಿಸಿದರೆ ಸುಮಾರು 3.4 ಆಂಪಿಯರ್. ಅದನ್ನು 180ರಿಂದ ಗುಣಿಸಿದರೆ ಸುಮಾರು 612 ವ್ಯಾಟ್. ವೋಲ್ಟೇಜು ಇಳಿದದ್ದು ನೂರಕ್ಕೆ ಇಪ್ಪತ್ತೆರಡರಷ್ಟು, ಕಾವು ಇಳಿದದ್ದು ನೂರಕ್ಕೆ ಮೂವತ್ತೊಂಬತ್ತರಷ್ಟು! ವೋಲ್ಟೇಜು ಇಳಿದಾಗ ಆಂಪಿಯರ್ ಕೂಡ ಜೊತೆಗೇ ಇಳಿಯುವುದರಿಂದ ಪೆಟ್ಟು ಎರಡು ಬೀಳುತ್ತದೆ. “ಸ್ವಲ್ಪ ವೋಲ್ಟೇಜ್ ಕಮ್ಮಿ ಅಷ್ಟೇ ಕಣ್ರೀ” ಎಂದು ಆಫೀಸಿನಲ್ಲಿ ಸಮಾಧಾನ ಹೇಳುವವರು ಈ ಲೆಕ್ಕ ನೋಡಬೇಕು.

ಹಾಗಾದರೆ ಬಿಲ್ಲೂ ಇಳಿಯಬೇಕಲ್ಲ? ಇಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ಕುದಿಯುವ ನೀರು 612 ವ್ಯಾಟಿಗೆ ಹದಿನಾರು ನಿಮಿಷಕ್ಕೂ ಮೀರಿ ಕುದಿಯುತ್ತದೆ. ಅಷ್ಟು ಹೊತ್ತೂ ಪಾತ್ರೆಯಿಂದ ಕಾವು ಹೊರಗೆ ಹೋಗುತ್ತಿರುತ್ತದೆ. ಕೊನೆಗೆ ಯೂನಿಟ್ಟು ಅಷ್ಟೇ, ಸ್ವಲ್ಪ ಹೆಚ್ಚೂ ಆದೀತು. ಮೀಟರು ಮೋಸ ಮಾಡುತ್ತಿದೆ ಎಂಬ ಅನುಮಾನಕ್ಕೆ ಬಹಳ ಸಲ ಕಾರಣ ಇದೇ. ಮೀಟರು ನಿಯತ್ತಾಗಿ ಎಣಿಸಿರುತ್ತದೆ, ಕೆಲಸ ತಡವಾಗಿರುತ್ತದೆ.

ಫ್ರಿಜ್ಜು, ಗಿರಣಿ ಮೋಟಾರು, ಹೋಟೆಲಿನ ಗ್ರೈಂಡರು ಇವುಗಳ ಕತೆ ಬೇರೆ. ಮೋಟಾರು ಸುಮ್ಮನೆ ಬಗ್ಗುವುದಿಲ್ಲ. ವೋಲ್ಟೇಜು ಕಮ್ಮಿಯಾದರೂ ಹೊರೆ ಹೊರಲೇಬೇಕಾದ್ದರಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ತಿರುಗಲಾರದೆ ನಿಂತುಬಿಟ್ಟರೆ ಮಾಮೂಲಿಗಿಂತ ಹಲವು ಪಟ್ಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಫ್ರಿಜ್ಜು ಗುಂಯ್ ಅನ್ನುವುದು ಆ ಸಂಕಟದ ದನಿ. ಆಗ ಪ್ಲಗ್ ತೆಗೆಯುವುದೇ ಬುದ್ಧಿವಂತಿಕೆ.

ಕೊನೆ ಭಾಗದವರ ಗೋಳು

ನಾಲೆಯ ಕೊನೆ ಭಾಗದ ರೈತರಿಗೆ ನೀರು ತಲುಪುವುದಿಲ್ಲ ಎಂಬ ಕೂಗು ನಮ್ಮ ಜಿಲ್ಲೆಗೆ ಹೊಸದಲ್ಲ. ಕರೆಂಟಿಗೂ ಕೊನೆ ಭಾಗ ಅಂತ ಒಂದಿದೆ. ಟಿಸಿ ಪಕ್ಕದ ಅಂಗಡಿಗೆ ದೀಪಾವಳಿ, ಅದೇ ಲೈನಿನ ಕೊನೇ ಕಂಬದ ಅಂಗಡಿಗೆ ಅಮಾವಾಸ್ಯೆ.

ಟಿಸಿಯಿಂದ ಕೊನೇ ಕಂಬಕ್ಕೆ ಹೋಗಿ ಬರುವ ತಂತಿಯ ತಡೆ ಒಟ್ಟು ಕಾಲು ಓಮ್ ಎಂದಿಟ್ಟುಕೊಳ್ಳಿ. ಟಿಸಿ ಬಳಿ 235 ವೋಲ್ಟ್ ಇದೆ. ಲೆಕ್ಕ ಸುಲಭವಾಗಲಿ ಎಂದು ಲೋಡೆಲ್ಲ ಕೊನೆಯಲ್ಲೇ ಇದೆ ಎನ್ನೋಣ. ಮಧ್ಯಾಹ್ನ 40 ಆಂಪಿಯರ್ ಹರಿದರೆ, 40ನ್ನು ಕಾಲರಿಂದ ಗುಣಿಸಿ: ದಾರಿಯಲ್ಲೇ 10 ವೋಲ್ಟ್ ಖರ್ಚು, ಕೊನೆಗೆ 225 ಮುಟ್ಟುತ್ತದೆ. ಸಂಜೆ ಎಲ್ಲರ ದೀಪ, ಫ್ಯಾನು, ಏಸಿ, ಫ್ರೀಜರು ಒಟ್ಟಿಗೆ ಹತ್ತಿ 160 ಆಂಪಿಯರ್ ಆದರೆ? ದಾರಿಯಲ್ಲೇ 40 ವೋಲ್ಟ್ ಖರ್ಚು, ಕೊನೆಗೆ ಮುಟ್ಟುವುದು 195.

ಜಗಳದ ಗುಟ್ಟು ಇಲ್ಲಿದೆ. ದೂರು ಕೇಳಿ ಲೈನ್‌ಮನ್ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ, 225 ನೋಡುತ್ತಾರೆ, “ಸರಿ ಇದೆಯಲ್ಲ” ಅಂತ ಬರೆದುಕೊಂಡು ಹೋಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಏಳು ಗಂಟೆಗೆ 195 ನೋಡಿದ ಅಂಗಡಿಯವರೂ ಸುಳ್ಳು ಹೇಳುತ್ತಿಲ್ಲ. ವೋಲ್ಟೇಜಿನ ದೂರಿಗೆ ಗಂಟೆ ಎಷ್ಟು ಎಂಬುದು ಬಹಳ ಮುಖ್ಯ.

ತಂತಿಯಲ್ಲಿ ವ್ಯರ್ಥವಾಗುವ ಕಸುವಿನ ಲೆಕ್ಕ ಇನ್ನೂ ಕಠಿಣ. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಮತ್ತೆ ಓಮ್‌ನಿಂದ ಗುಣಿಸಬೇಕು. 40ಕ್ಕೆ 40, ಅದಕ್ಕೆ ಕಾಲು: 400 ವ್ಯಾಟ್. 160ಕ್ಕೆ 160, ಅದಕ್ಕೆ ಕಾಲು: 6400 ವ್ಯಾಟ್. ಲೋಡು ನಾಲ್ಕು ಪಟ್ಟು ಆದರೆ ನಷ್ಟ ಹದಿನಾರು ಪಟ್ಟು. ಗಂಟೆಗೆ ಆರೂವರೆ ಯೂನಿಟ್ಟಿನಷ್ಟು ತಂತಿ ಕಾಯಿಸುವುದಕ್ಕೇ ಹೋಯಿತು. ಇದು ಮೀಟರಿಗಿಂತ ಹಿಂದೆ ಆದ ನಷ್ಟ, ಕಂಪನಿಯ ಲೆಕ್ಕಕ್ಕೆ ಸೇರುತ್ತದೆ. ಆದರೆ ಕಂಪನಿಯ ನಷ್ಟ ಕೊನೆಗೆ ಯಾರ ಬಿಲ್ಲಿನಲ್ಲಿ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದು ನಮ್ಮ ರಾಜ್ಯದವರಿಗೆ 1902ರಲ್ಲೇ ಗೊತ್ತಿತ್ತು. ಆ ವರ್ಷ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ದೂರ ಕರೆಂಟು ಸಾಗಿಸಿದರು. ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಸಾಗಿಸಿದ್ದು. ವೋಲ್ಟೇಜನ್ನು ನೂರು ಪಟ್ಟು ಏರಿಸಿದರೆ ಅಷ್ಟೇ ಕಸುವಿಗೆ ಆಂಪಿಯರ್ ನೂರರಲ್ಲಿ ಒಂದು ಪಾಲು ಸಾಕು. ತಂತಿಯಲ್ಲಿನ ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂದೂ ಅದೇ ಸೂತ್ರ. 11 ಸಾವಿರ ವೋಲ್ಟಿನ ಲೈನನ್ನು ಅಂಗಡಿ ಸಾಲಿನ ಹತ್ತಿರಕ್ಕೆ ತಂದು, ಅಲ್ಲೊಂದು ಟಿಸಿ ಕೂರಿಸಿದರೆ ಕೊನೇ ಕಂಬ ಕೊನೆಯದಾಗಿ ಉಳಿಯುವುದಿಲ್ಲ. “ಹೊಸ ಟಿಸಿ ಕೊಡಿ” ಎಂಬ ಬೇಡಿಕೆ ಬರೀ ಹಟವಲ್ಲ, ಅದರ ಹಿಂದೆ ಲೆಕ್ಕ ಇದೆ.

ಇನ್ನೊಂದು ಮಾತು. ಎಲ್ಲರೂ ಸ್ಟೆಬಿಲೈಜರ್ ಇಟ್ಟುಕೊಂಡರೆ ಮುಗಿಯಿತು ಎನ್ನುವವರಿದ್ದಾರೆ. ಅದು 180 ವೋಲ್ಟನ್ನು 230 ಮಾಡಿ ಕೊಡುವುದು ನಿಜ. ಪುಕ್ಕಟೆ ಕೊಡುವುದಿಲ್ಲ. ಸಾವಿರ ವ್ಯಾಟ್ ಬೇಕಾದರೆ 180 ವೋಲ್ಟಿನ ಲೈನಿನಿಂದ ಐದೂವರೆ ಆಂಪಿಯರಿಗೂ ಮೀರಿ ಎಳೆಯುತ್ತದೆ. 230 ಇದ್ದಿದ್ದರೆ 4.35 ಸಾಕಿತ್ತು. ಹೆಚ್ಚು ಆಂಪಿಯರ್ ಎಂದರೆ ಲೈನಿನಲ್ಲಿ ಇನ್ನಷ್ಟು ಇಳಿತ, ಪಕ್ಕದ ಅಂಗಡಿಗೆ ಇನ್ನಷ್ಟು ಕತ್ತಲೆ. ನಾಲೆಗೆ ಎಲ್ಲರೂ ಪಂಪ್ ಇಟ್ಟ ಹಾಗೆ.

ಒಂದು ಸಂಜೆಯ ಪರೀಕ್ಷೆ

ಹಾಗಾದರೆ ತಪ್ಪು ಯಾರದು ಎಂದು ತಿಳಿಯುವುದು ಹೇಗೆ? ಲೈಸೆನ್ಸ್ ಇರುವ ಒಬ್ಬ ವೈರ್‌ಮನ್‌ನನ್ನು ಸಂಜೆ ಏಳು ಗಂಟೆಗೆ ಕರೆಯಿರಿ. ನಾವೇ ಕೈ ಹಾಕುವುದು ಬೇಡ. ಅಂಗಡಿಯ ಲೋಡು ಮಾಮೂಲಾಗಿ ನಡೆಯುತ್ತಿರಲಿ. ಮೀಟರಿನ ಬಳಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದುಕೊಳ್ಳಿ. ಅನೇಕ ಎಲೆಕ್ಟ್ರಾನಿಕ್ ಮೀಟರುಗಳು ಇವೆರಡನ್ನೂ ತಾವೇ ತೋರಿಸುತ್ತವೆ. ಆಮೇಲೆ ಅಂಗಡಿಯ ಕೊನೇ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಎಂದು ನೋಡಿಸಿ.

ಮೀಟರಿನಲ್ಲಿ 228 ಇದ್ದು, ಕೊನೇ ಪ್ಲಗ್ಗಿನಲ್ಲಿ 205 ಇದ್ದರೆ ಆ 23 ವೋಲ್ಟ್ ನಿಮ್ಮ ಗೋಡೆಯೊಳಗೇ ಹೋಯಿತು. ಕರೆಂಟ್ ಆಫೀಸಿಗೆ ಹೋಗಿ ಕೂಗಾಡಿ ಪ್ರಯೋಜನವಿಲ್ಲ, ವೈರಿಂಗ್ ಬದಲಿಸಿ.

ಮೀಟರಿನಲ್ಲೇ 195 ಇದ್ದರೆ ಇನ್ನೊಂದು ಹೆಜ್ಜೆ ಹಾಕಿ. ಮೊದಲು ಲೋಡು ಎಷ್ಟು ಎಳೆಯುತ್ತಿದೆ ಎಂದು ಬರೆದುಕೊಳ್ಳಿ. 20 ಆಂಪಿಯರ್ ಎನ್ನೋಣ. ಈಗ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ವೋಲ್ಟೇಜ್ ನೋಡಿಸಿ. ಆಗಲೂ 195 ಆಸುಪಾಸಿನಲ್ಲೇ ನಿಂತಿದ್ದರೆ ತಪ್ಪು ನಿಮ್ಮದಲ್ಲ, ಇಡೀ ಲೈನಿನದು ಅಥವಾ ಟಿಸಿಯದು. ಅಕ್ಕಪಕ್ಕದವರೂ ಸೇರಿ ದೂರು ಕೊಡಿ. ನಿಮ್ಮ ಮೇನ್ ಆಫ್ ಮಾಡಿದ ಕೂಡಲೇ 220ಕ್ಕೆ ಜಿಗಿದರೆ ತೊಂದರೆ ಕಂಬದಿಂದ ನಿಮ್ಮ ಮೀಟರಿಗೆ ಬರುವ ತಂತಿಯಲ್ಲಿ, ಅಥವಾ ಕಂಬದ ಜಾಯಿಂಟಿನಲ್ಲಿ. 25 ವೋಲ್ಟನ್ನು 20 ಆಂಪಿಯರಿನಿಂದ ಭಾಗಿಸಿ: ಒಂದೂಕಾಲು ಓಮ್. 25ನ್ನು 20ರಿಂದ ಗುಣಿಸಿ: 500 ವ್ಯಾಟ್. ಆ ಜಾಯಿಂಟಿನಲ್ಲಿ ಅಥವಾ ತಂತಿಯಲ್ಲಿ ಅರ್ಧ ಇಸ್ತ್ರಿ ಪೆಟ್ಟಿಗೆಯಷ್ಟು ಕಾವು ಏಳುತ್ತಿದೆ ಎಂದು ಅರ್ಥ. ಇದನ್ನು ನಾಳೆಗೆ ಬಿಡಬಾರದು.

ಕೆಲವು ದೀಪ ಮಂಕಾಗಿ, ಕೆಲವು ದೀಪ ಕಣ್ಣು ಕುಕ್ಕುವಂತೆ ಉರಿದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನ್ಯೂಟ್ರಲ್ ತಂತಿ ಸಡಿಲವಾಗಿರುವ ಸೂಚನೆ ಅದು. 230 ಬರಬೇಕಾದಲ್ಲಿ 300 ದಾಟಿ ಟೀವಿ, ಫ್ರಿಜ್ಜು ಎಲ್ಲ ಸುಟ್ಟುಹೋಗಬಹುದು. ಕೂಡಲೇ ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ.

ಶಾರ್ಟ್ ಸರ್ಕ್ಯೂಟ್ ಎಂಬ ಸುಲಭದ ಮಾತು

ಎಲ್ಲೇ ಅಂಗಡಿ ಸುಟ್ಟರೂ ಪತ್ರಿಕೆಗಳಲ್ಲಿ ಒಂದೇ ಸಾಲು: ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ. ನಾವು ಪತ್ರಿಕೆಯವರೂ ಅದನ್ನೇ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ.

ನಿಜವಾದ ಶಾರ್ಟ್ ಎಂದರೆ ಎರಡು ತಂತಿ ನೇರ ಕೂಡುವುದು. ತಡೆ ಅರ್ಧ ಓಮ್‌ಗೆ ಇಳಿದರೆ 230ನ್ನು ಅರ್ಧದಿಂದ ಭಾಗಿಸಿ: 460 ಆಂಪಿಯರ್. ಎಂಸಿಬಿ ಸರಿಯಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಫ್ಯೂಸು ಇದ್ದರೆ ಕರಗುತ್ತದೆ. ಬೀಳದೆ ಇರುವುದು ಯಾವಾಗ? ಪದೇ ಪದೇ ಫ್ಯೂಸು ಹೋಗುತ್ತದೆ ಎಂದು ದಪ್ಪ ತಂತಿ ಸುತ್ತಿಟ್ಟಾಗ, 16 ಆಂಪಿಯರಿನ ಎಂಸಿಬಿ ತೆಗೆದು 32 ಹಾಕಿಸಿದಾಗ. ಮನೆ ಕಾಯುವ ನಾಯಿ ಬೊಗಳಿತು ಅಂತ ಅದರ ಬಾಯಿ ಕಟ್ಟಿದ ಹಾಗೆ.

ಇದಕ್ಕಿಂತ ಕಳ್ಳ ಬೆಂಕಿ ಒಂದಿದೆ: ಸಡಿಲ ಜಾಯಿಂಟು. ಪ್ಲಗ್ಗಿನ ಹಿಂದಿನ ಸ್ಕ್ರೂ ಸಡಿಲವಾಗಿದೆ, ಅಲ್ಲಿ ತಡೆ ಬರೀ 0.2 ಓಮ್ ಆಗಿದೆ ಎನ್ನಿ. 15 ಆಂಪಿಯರ್ ಹರಿಯುತ್ತಿದೆ. 15ಕ್ಕೆ 15, ಅದಕ್ಕೆ 0.2: ಒಟ್ಟು 45 ವ್ಯಾಟ್. ಇಷ್ಟೇನಾ ಅನ್ನಬೇಡಿ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿ ಎಷ್ಟೋ ಸಲ 25 ವ್ಯಾಟಿನದು. ಅದರ ಸುಮಾರು ಎರಡು ಪಟ್ಟು ಕಾವು ಕಡಲೆ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಮೂಟೆಗಳ ಹಿಂದೆ ಗಂಟೆಗಟ್ಟಲೆ ಇರುತ್ತದೆ. ಕಾವಿಗೆ ಜಾಯಿಂಟು ಇನ್ನಷ್ಟು ಕಪ್ಪಾಗಿ ತಡೆ ಇನ್ನಷ್ಟು ಏರುತ್ತದೆ.

ಇನ್ನು ಎಂಸಿಬಿ ಏನು ಮಾಡುತ್ತದೆ? ಏನೂ ಇಲ್ಲ. ಅದು ನೋಡುವುದು ಆಂಪಿಯರ್ ಮಾತ್ರ. ಸಡಿಲ ಜಾಯಿಂಟಿನಿಂದ ಆಂಪಿಯರ್ ಹೆಚ್ಚುವುದೇ ಇಲ್ಲ, ಬೇಕಾದರೆ ಒಂದು ಚೂರು ಕಮ್ಮಿಯಾಗುತ್ತದೆ. ಆದ್ದರಿಂದ “ಎಂಸಿಬಿ ಹಾಕ್ಸಿದೀನಿ, ನಂಗೇನೂ ಭಯ ಇಲ್ಲ” ಎನ್ನುವವರು ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಲಿ. ಬಿಸಿಯಿದೆಯೇ, ಬಿಳಿ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದೆಯೇ, ಸುಟ್ಟ ವಾಸನೆ ಇದೆಯೇ? ಎಂಸಿಬಿ ಹೇಳದ್ದನ್ನು ಕೈ, ಕಣ್ಣು, ಮೂಗು ಹೇಳುತ್ತವೆ.

ಎಕ್ಸ್‌ಟೆನ್ಶನ್ ಬಾಕ್ಸಿನ ವಿಷಯವೂ ಇದೇ. 6 ಆಂಪಿಯರಿನ ಪ್ಲಗ್ಗಿಗೆ 230 ಗುಣಿಸಿದರೆ 1380 ವ್ಯಾಟ್. ಅದರ ಗಡಿ ಅದು. ಅದೇ ಬಾಕ್ಸಿಗೆ 1500 ವ್ಯಾಟಿನ ನೀರು ಕಾಯಿಸುವ ಜಗ್ಗು, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಸಿಕ್ಕಿಸಿದರೆ ಸುಮಾರು 11 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, 6 ಆಂಪಿಯರಿನ ಬಾಕ್ಸು ಕರಗುತ್ತದೆ.

ತೆಳು ತಂತಿಯ ದುಬಾರಿ ಉಳಿತಾಯ

ಮಂಡಿಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ, ಹಿಂದೆ ಮೂವತ್ತು ಮೀಟರ್ ದೂರದಲ್ಲಿ ಗೋಡೌನ್ ಎಂದು ಊಹಿಸಿ. ಕಡಿಮೆ ಖರ್ಚಾಗಲಿ ಎಂದು 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿದ್ದಾರೆ. ಹೋಗಿ ಬರುವ ದಾರಿ 60 ಮೀಟರ್, ತಡೆ ಸುಮಾರು 1 ಓಮ್. ಅಲ್ಲಿ 15 ಆಂಪಿಯರ್ ಎಳೆದರೆ 15 ವೋಲ್ಟ್ ದಾರಿಯಲ್ಲೇ ಹೋಯಿತು, 225 ವ್ಯಾಟ್ ಗೋಡೆ ಕಾಯಿಸಿತು. ಅಷ್ಟು ತೆಳು ತಂತಿಗೆ 15 ಆಂಪಿಯರ್ ಹೊರೆಯೇ ಜಾಸ್ತಿ ಎನ್ನುವುದು ಬೇರೆ ಮಾತು. ಅದರ ಬದಲು 2.5 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ತಡೆ 0.44 ಓಮ್, ನಷ್ಟ 99 ವ್ಯಾಟ್.

ವ್ಯತ್ಯಾಸ 126 ವ್ಯಾಟ್. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 240 ಗಂಟೆ. 126ನ್ನು 240ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 30 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 210, ವರ್ಷಕ್ಕೆ 2,500 ರೂಪಾಯಿ. ಇದು ಮೀಟರಿನಿಂದ ಈಚೆಗೆ ಆಗುವ ನಷ್ಟವಾದ್ದರಿಂದ ಪೂರ್ತಿ ಅಂಗಡಿಯವರ ಜೇಬಿನಿಂದಲೇ. ತಂತಿಯಲ್ಲಿ ಉಳಿಸಿದ ದುಡ್ಡು ಬಿಲ್ಲಿನಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಫ್ಯಾನಿಗೂ ಇದೇ ಲೆಕ್ಕ. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗಿನ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಅಷ್ಟೇ ಹೊತ್ತಿಗೆ 11 ಯೂನಿಟ್ ದಾಟುವುದಿಲ್ಲ. ನಾಲ್ಕು ಫ್ಯಾನಿರುವ ಬಟ್ಟೆ ಅಂಗಡಿಯವರು ಮುಂದಿನದನ್ನು ತಾವೇ ಗುಣಿಸಿಕೊಳ್ಳಲಿ. ಮೋಟಾರು, ಚೋಕ್ ಇರುವ ಸಾಮಾನಿಗೆ ವೋಲ್ಟ್ ಗುಣಿಸು ಆಂಪಿಯರ್ ಎಂದಷ್ಟೇ ಮಾಡಿದರೆ ವ್ಯಾಟ್ ಸ್ವಲ್ಪ ಹೆಚ್ಚೇ ಬರುತ್ತದೆ. ಅದನ್ನು ಪವರ್ ಫ್ಯಾಕ್ಟರ್‌ನಿಂದ ಗುಣಿಸಬೇಕು. 230 ವೋಲ್ಟ್, 6 ಆಂಪಿಯರ್, ಪವರ್ ಫ್ಯಾಕ್ಟರ್ 0.75 ಇದ್ದರೆ 1380 ಅಲ್ಲ, 1035 ವ್ಯಾಟ್.

ಹತ್ತು ಪೈಸೆ ಇಳಿಕೆಯ ಕತೆ

ಈ ಲೆಕ್ಕ ಬರದಿದ್ದರೆ ದರಪಟ್ಟಿಯನ್ನೂ ಓದಲು ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಮನೆಗಳ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಹತ್ತು ಪೈಸೆ ಇಳಿಕೆ ಎಂದು ಸುದ್ದಿಯಾಯಿತು. ಅದೇ ಸಲ ಕಿಲೋವ್ಯಾಟ್ ಒಂದಕ್ಕೆ ನಿಗದಿತ ಶುಲ್ಕ 120ರಿಂದ 145 ರೂಪಾಯಿಗೆ ಏರಿತು. 3 ಕಿಲೋವ್ಯಾಟ್ ಮಂಜೂರಾದ ಮನೆಗೆ ತಿಂಗಳಿಗೆ 75 ರೂಪಾಯಿ ಏರಿಕೆ. ಯೂನಿಟ್ಟಿಗೆ ಹತ್ತು ಪೈಸೆ ಉಳಿತಾಯದಿಂದ ಆ 75 ರೂಪಾಯಿ ವಾಪಸ್ ಬರಬೇಕಾದರೆ 750 ಯೂನಿಟ್ ಉರಿಸಬೇಕು! ಅದರ ಮೇಲೆ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿತು. ಅಲ್ಲಿಗೆ ವಾಪಸ್ಸಿನ ಮಾತೇ ಇಲ್ಲ. 250 ಯೂನಿಟ್ ಉರಿಸುವ ಮನೆಗೆ ತೆರಿಗೆ ಬಿಟ್ಟು 1,835 ಇದ್ದದ್ದು 1,975 ಆಯಿತು. ಇಳಿದದ್ದು ಹತ್ತು ಪೈಸೆ, ಏರಿದ್ದು 140 ರೂಪಾಯಿ.

2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗಿನ ಮನೆಗಳಿಗೆ ಈ ಬಿಸಿ ತಟ್ಟಲಿಲ್ಲ. ಆದರೆ ಆ ಯೋಜನೆ ಮನೆಗಳಿಗೆ, ಅಂಗಡಿಗಲ್ಲ. ಅಂಗಡಿಯ ದರಪಟ್ಟಿ ಬೇರೆ, ಲೆಕ್ಕದ ರೀತಿ ಒಂದೇ: ಮಂಜೂರಾದ ಕಿಲೋವ್ಯಾಟ್ ಎಷ್ಟೋ ಅಷ್ಟಕ್ಕೆ, ಬಾಗಿಲು ಹಾಕಿದ್ದರೂ ದುಡ್ಡು ಬೀಳುತ್ತದೆ. ಹಾಗಾಗಿ ನಿಮ್ಮ ಅಂಗಡಿಗೆ ನಿಜವಾಗಿ ಎಷ್ಟು ಬೇಕು ಎಂದು ತಿಳಿದಿರಬೇಕು. 300 ವ್ಯಾಟಿನ ಎರಡು ಫ್ರೀಜರ್ 600, ಮೂರು ಫ್ಯಾನು 225, ಆರು ಎಲ್‌ಇಡಿ ಪಟ್ಟಿ 120, ಕಂಪ್ಯೂಟರ್ ಮತ್ತು ಬಿಲ್ ಮೆಷಿನ್ 150. ಒಟ್ಟು 1095 ವ್ಯಾಟ್. ಎಲ್ಲ ಒಟ್ಟಿಗೆ ನಡೆದರೂ ಸುಮಾರು 5 ಆಂಪಿಯರ್. ಇಂಥ ಅಂಗಡಿಗೆ 5 ಕಿಲೋವ್ಯಾಟ್ ಮಂಜೂರಾಗಿದ್ದರೆ ತಿಂಗಳು ತಿಂಗಳು ಸುಮ್ಮನೆ ಕಟ್ಟುತ್ತಿದ್ದೀರಿ. ಬದಲಿಗೆ 1 ಕಿಲೋವ್ಯಾಟ್ ಬರೆಸಿ, ಮೇಲೆ 1600 ವ್ಯಾಟಿನ ಏಸಿ ಕೂರಿಸಿದ್ದರೆ ಅದು ನಿಮ್ಮ ತಪ್ಪು. ದಂಡವೋ, ಹೆಚ್ಚುವರಿ ಠೇವಣಿಯೋ ಬಂದಾಗ ಅನ್ಯಾಯ ಎಂದು ಕೂಗುವಂತಿಲ್ಲ. ಎಲ್ಲರೂ ಹೀಗೆ ಕಮ್ಮಿ ಬರೆಸಿದರೆ ಟಿಸಿಯ ಲೆಕ್ಕವೇ ತಪ್ಪುತ್ತದೆ. ಸಂಜೆ ಏಳರ 195 ವೋಲ್ಟಿಗೆ ನಾವೂ ಪಾಲುದಾರರಾಗುತ್ತೇವೆ.

ಸ್ಮಾರ್ಟ್ ಮೀಟರ್ ಬಗ್ಗೆ 2025ರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅದರ ಬೆಲೆ, ಟೆಂಡರ್ ವಿಚಾರ ಕೋರ್ಟಿನವರೆಗೂ ಹೋಯಿತು. ಬೆಲೆಯ ಪ್ರಶ್ನೆ ಕೇಳಲೇಬೇಕು. ಜೊತೆಗೆ ಇನ್ನೊಂದು ಪ್ರಶ್ನೆಯೂ ಇರಲಿ: ಮೀಟರು ಗ್ರಾಹಕರು ಎಳೆದ ಆಂಪಿಯರ್ ಬರೆದಿಡುವ ಹಾಗೆ, ಕಂಪನಿ ಕೊಟ್ಟ ವೋಲ್ಟನ್ನೂ ಬರೆದಿಡಬಲ್ಲದು. ಆ ಲೆಕ್ಕ ಗ್ರಾಹಕರ ಕೈಗೂ ಸಿಗಬೇಕು. ನಾವು ಹೆಚ್ಚು ಎಳೆದದ್ದಕ್ಕೆ ದಂಡ ಹಾಕುವ ಮೀಟರು, ಅವರು ಕಮ್ಮಿ ಕೊಟ್ಟದ್ದಕ್ಕೆ ಸಾಕ್ಷಿ ಹೇಳಬಾರದೇಕೆ?

ಇನ್ನು ಮಾಡಬೇಕಾದ್ದು

ಮಂಡಳಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು. ಜನರ ಬಾಯಲ್ಲಿ ಇನ್ನೂ ಕೆಇಬಿಯೇ. ಹೆಸರು ಏನೇ ಇರಲಿ, 2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನ ಪ್ರಕಾರ ಸೇವೆಯ ಮಟ್ಟವನ್ನು ಆಯೋಗ ನಿಗದಿ ಮಾಡುತ್ತದೆ, ಅದನ್ನು ಮುಟ್ಟದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಅದೇ ಕಾಯ್ದೆಯ 42ನೇ ಕಲಮಿನಲ್ಲಿ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಆದರೆ “ವೋಲ್ಟೇಜ್ ಇಲ್ಲ” ಎಂಬ ಬಾಯಿಮಾತಿನ ದೂರು ಅಲ್ಲಿ ನಿಲ್ಲುವುದಿಲ್ಲ. “ಇಂಥ ತಾರೀಕು, ಸಂಜೆ 7.10ಕ್ಕೆ, ಮೀಟರಿನಲ್ಲಿ 192 ವೋಲ್ಟ್, ಮೇನ್ ಆಫ್ ಮಾಡಿದಾಗಲೂ 194” ಎಂದು ಹತ್ತು ದಿನದ ಪಟ್ಟಿ ಕೊಟ್ಟು, 1912ರಲ್ಲಿ ಬರೆಸಿದ ದೂರಿನ ನಂಬರು ಹಚ್ಚಿದರೆ ಯಾವ ಅಧಿಕಾರಿಯೂ ಅದನ್ನು ಪಕ್ಕಕ್ಕೆ ತಳ್ಳಲಾರರು.

ಒಂದೊಂದು ರಸ್ತೆಯ ವರ್ತಕರು ಸೇರಿ ಒಬ್ಬ ವೈರ್‌ಮನ್‌ನನ್ನು ಗೊತ್ತು ಮಾಡಲಿ. ಒಂದೇ ಸಂಜೆ ಮೊದಲ ಅಂಗಡಿಯಿಂದ ಕೊನೇ ಅಂಗಡಿವರೆಗೆ ಅಳತೆ ಹಿಡಿಯಲಿ. ಒಂದು ಅಂಗಡಿಗೆ ಆಗುವ ಖರ್ಚು ನಾಲ್ಕು ಮಂದಿಗೆ ಬೆಣ್ಣೆದೋಸೆ ಕೊಡಿಸಿದಷ್ಟೂ ಆಗಲಿಕ್ಕಿಲ್ಲ. ಎಷ್ಟು ಅಂಗಡಿಯ ತಪ್ಪು ಒಳಗಿದೆ, ಎಷ್ಟು ತಪ್ಪು ಕಂಬದಲ್ಲಿದೆ ಎಂದು ಬಯಲಾಗಲಿ. ಒಳಗಿನದನ್ನು ನಾವು ಸರಿಮಾಡಿಕೊಳ್ಳೋಣ, ಹೊರಗಿನದನ್ನು ಅವರು ಸರಿಮಾಡಲಿ. ಇಲಾಖೆಯೂ ತನ್ನ ಪಾಲಿನದು ಮಾಡಲಿ: ದೂರು ಬಂದ ಗಂಟೆಯಲ್ಲೇ ಅಳತೆ ಹಿಡಿಯಲಿ, ಯಾವ ಟಿಸಿಯ ಮೇಲೆ ಎಷ್ಟು ಹೊರೆ ಇದೆ ಎಂದು ಬೋರ್ಡಿನಲ್ಲಿ ಬರೆದು ಹಾಕಲಿ.

ಹರಿಹರದ ಬಸ್ಸಿನಲ್ಲೋ ಜಗಳೂರಿನ ಬಸ್ಸಿನಲ್ಲೋ ಕೂತು ಇದನ್ನು ಓದುತ್ತಿರುವವರು ಇಳಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಬಿಲ್ಲಿನ ಹಿಂಭಾಗದಲ್ಲಿ ಮನೆಯ ಸಾಮಾನುಗಳ ವ್ಯಾಟ್ ಒಂದರ ಕೆಳಗೊಂದು ಬರೆದು ಕೂಡಿ, 230ರಿಂದ ಭಾಗಿಸಿ. ಬಂದ ಆಂಪಿಯರನ್ನು ಬೋರ್ಡಿನ ಎಂಸಿಬಿ ಮೇಲಿನ ಅಂಕಿಯ ಜೊತೆ ಹೋಲಿಸಿ. ಎಂಟನೇ ಕ್ಲಾಸಿನ ಹುಡುಗಿ ಮನೆಯಲ್ಲಿದ್ದರೆ ಅವಳ ಕೈಗೇ ಪೆನ್ಸಿಲ್ ಕೊಡಿ. ಎರಡು ನಿಮಿಷದಲ್ಲಿ ಮಾಡಿ ಮುಗಿಸುತ್ತಾಳೆ.